ಗದರದೆ ಕಲಿಸುವ ಬಗೆ



ಶರಣರು ಕಾಯಕಕ್ಕೆ ಕೊಟ್ಟ ಹಿರಿದಾದ ಸ್ಥಾನವನ್ನು ನಾವೆಲ್ಲರೂ ಬಲ್ಲೆವು. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ಇವರ ಹೆಸರಿನೊಡನೆಯೇ ಅವರ ಕಾಯಕವೂ ನಮ್ಮ ನೆನಪಿಗೆ ಬರುತ್ತದೆ. ಪ್ರತಿಯೊಂದು ಕಾಯಕಕ್ಕೂ ಕೈಗೆ ಹತ್ತಬೇಕಾದ ಒಂದು ಹದವಿದೆ. ಶಿಕ್ಷಕ ವೃತ್ತಿಯೂ ಇದಕ್ಕೆ ಹೊರತಲ್ಲ. ವಿಷಯವನ್ನು ಬಲ್ಲವರೆಲ್ಲರೂ ಕಲಿಸಬಲ್ಲರೆಂಬ ನಂಬಿಕೆ ನಮ್ಮ ಸಮಾಜದಲ್ಲಿ ಬೇರೂರಿದೆ. ಆದರೆ ನಲವತ್ತು ಮಕ್ಕಳು ಕುಳಿತಿರುವ ಕೊಠಡಿಯಲ್ಲಿ ವಿಷಯಜ್ಞಾನಕ್ಕಿಂತ ಮೊದಲು ಬೇಕಾಗುವುದು ಮತ್ತೊಂದಿದೆ. ಶಿಕ್ಷಣಶಾಸ್ತ್ರವು ಅದನ್ನು 'ತರಗತಿ ನಿರ್ವಹಣೆ' ಎಂದು ಕರೆಯುತ್ತದೆ. ಅದರ ಪ್ರಾಥಮಿಕ ಪಾಠಗಳನ್ನು ನಾನು ಪಡೆದದ್ದು 2018ರಲ್ಲಿ, ಹಳೇಬೀಡಿಗೆ ಸಮೀಪದ ಹುಲಿಕೆರೆಯ ಆಸುಪಾಸಿನ ಒಂದು ಪ್ರೌಢಶಾಲೆಯಲ್ಲಿ, ಸಮಾಜ ವಿಜ್ಞಾನದ ವಿದ್ಯಾರ್ಥಿ ಶಿಕ್ಷಕಿಯಾಗಿದ್ದಾಗ.

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ಪ್ರಕಾರ ಬಿ.ಎಡ್. ಶಿಕ್ಷಣವು ಎರಡು ವರ್ಷಗಳದ್ದಾಯಿತು. ಅದರಲ್ಲಿ 20 ವಾರಗಳನ್ನು ಶಾಲೆಯಲ್ಲಿಯೇ ಕಳೆಯಬೇಕು. ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ. ಶಾಲೆಗೆ ಹೋಗುವ ಮುನ್ನ ಕಾಲೇಜಿನಲ್ಲಿ ಸೂಕ್ಷ್ಮ ಬೋಧನೆಯ ಅಭ್ಯಾಸ ನಡೆಯುತ್ತದೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ಕ್ರಮವು ಭಾರತದಲ್ಲಿ 36 ನಿಮಿಷಗಳ ಒಂದು ಚಕ್ರವಾಗಿ ಬಳಕೆಯಲ್ಲಿದೆ: 6 ನಿಮಿಷ ಬೋಧನೆ, 6 ನಿಮಿಷ ವಿಮರ್ಶೆ, 12 ನಿಮಿಷ ಮರುಯೋಜನೆ, ಪುನಃ 6 ನಿಮಿಷ ಬೋಧನೆ, 6 ನಿಮಿಷ ವಿಮರ್ಶೆ. ಇದರಿಂದ ಪ್ರಶ್ನೆ ಕೇಳುವ, ಉದಾಹರಣೆ ಕೊಡುವ, ಕಪ್ಪುಹಲಗೆ ಬಳಸುವ ಕೌಶಲಗಳು ಬರುತ್ತವೆ. ಆದರೆ ಅಲ್ಲಿ ವಿದ್ಯಾರ್ಥಿಗಳಾಗಿ ಕುಳಿತುಕೊಳ್ಳುವವರು ನಮ್ಮ ಸಹಪಾಠಿಗಳೇ. ಅವರು ಬೆಂಚು ಬಡಿಯುವುದಿಲ್ಲ, ಪಕ್ಕದವನ ಪೆನ್ನು ಕಸಿಯುವುದಿಲ್ಲ. ತರಗತಿಯ ನಿಜವಾದ ಪರೀಕ್ಷೆ ಶಾಲೆಯ ಹೊಸ್ತಿಲು ದಾಟಿದ ಮೇಲೆಯೇ ಆರಂಭವಾಗುತ್ತದೆ.

ಮೊದಲ ವಾರ ಪಾಠ ಮಾಡುವಂತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ಹಿರಿಯರ ಪಾಠಗಳನ್ನು ವೀಕ್ಷಿಸಿ ಬರೆದುಕೊಳ್ಳಬೇಕಿತ್ತು. ಎಂಟನೆಯ ತರಗತಿಯ ಅದೇ ಮಕ್ಕಳು, ಅದೇ ಕೊಠಡಿ. ಒಂದು ಅವಧಿಯಲ್ಲಿ ಸಂತೆಯ ಗದ್ದಲ, ಮತ್ತೊಂದು ಅವಧಿಯಲ್ಲಿ ಜೇನುಗೂಡಿನ ಗುಂಯ್ಗುಡುವಿಕೆ. ನನಗೆ ಮಾರ್ಗದರ್ಶಕರಾಗಿದ್ದ ಹಿರಿಯ ಮೇಡಂ ಅವರ ಅವಧಿಯೇ ಆ ಎರಡನೆಯದು. ಅವರು ಧ್ವನಿ ಏರಿಸಿದ್ದನ್ನು ನಾನು ಕಾಣಲಿಲ್ಲ. ಗಂಟೆ ಬಾರಿಸುವ ಮೊದಲೇ ಬಾಗಿಲ ಬಳಿ ನಿಂತಿರುತ್ತಿದ್ದರು. ಒಳಗೆ ಬರುವ ಪ್ರತಿಯೊಂದು ಮಗುವನ್ನೂ ಹೆಸರು ಹಿಡಿದು ಮಾತನಾಡಿಸುತ್ತಿದ್ದರು. ಹಲಗೆಯ ಮೇಲೆ ಅಂದಿನ ಮೊದಲ ಕೆಲಸ ಬರೆದಿರುತ್ತಿತ್ತು. ಮಕ್ಕಳು ಕುಳಿತೊಡನೆ ಪುಸ್ತಕ ತೆರೆಯುತ್ತಿದ್ದರು. ಯಾರಾದರೂ ಪಿಸುಗುಟ್ಟಿದರೆ ಪಾಠ ನಿಲ್ಲಿಸದೆ ನಡೆದುಹೋಗಿ ಆ ಬೆಂಚಿನ ಪಕ್ಕದಲ್ಲಿ ನಿಲ್ಲುತ್ತಿದ್ದರು. ಅಷ್ಟರಿಂದಲೇ ಪಿಸುಮಾತು ಅಡಗುತ್ತಿತ್ತು.

"ನೋಡಮ್ಮ, ಗಲಾಟೆ ಶುರುವಾದ ಮೇಲೆ ನಿಲ್ಲಿಸೋದು ಕಷ್ಟ. ಅದು ಶುರುವಾಗೋಕೆ ಬಿಡುವೇ ಕೊಡಬಾರದು" ಎಂದು ಅವರೊಮ್ಮೆ ಹೇಳಿದರು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್ 1970ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರವೂ ಇದೇ. ಮಕ್ಕಳು ತಪ್ಪಿದಾಗ ಗದರುವ ರೀತಿಯಲ್ಲಿ ಯಶಸ್ವಿ ಶಿಕ್ಷಕರಿಗೂ ಇತರರಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ವ್ಯತ್ಯಾಸವಿದ್ದದ್ದು ಅದಕ್ಕಿಂತ ಮುಂಚಿನ ನಡೆಯಲ್ಲಿ: ಇಡೀ ಕೊಠಡಿಯ ಮೇಲೆ ಎಚ್ಚರದ ಕಣ್ಣಿರುವುದು, ಪಾಠದ ಓಟ ಕಡಿಯದಿರುವುದು, ಪ್ರತಿ ಮಗುವಿಗೂ ಕೆಲಸವಿರುವುದು. ಮೇಡಂ ಆ ಅಧ್ಯಯನವನ್ನು ಓದಿದ್ದರೋ ಇಲ್ಲವೋ, ಅವರ ನಡೆಯಲ್ಲಿ ಅದು ಇತ್ತು.

ಅವರಿಂದ ದೊರೆತ ಮತ್ತೊಂದು ಪಾಠ ಮೌನದ್ದು. ಪ್ರಶ್ನೆ ಕೇಳಿದ ಬಳಿಕ ಅವರು ಸುಮ್ಮನೆ ನಿಲ್ಲುತ್ತಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂಬುದನ್ನು ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತೋರಿಸಿಕೊಟ್ಟರು. ಆ ಕಾಯುವಿಕೆ ಮೂರು ಸೆಕೆಂಡಿಗೆ ಏರಿದರೆ ಮಕ್ಕಳ ಉತ್ತರ ದೀರ್ಘವಾಗುತ್ತದೆ, ಹಿಂಜರಿಯುವ ಮಗುವೂ ಬಾಯಿ ಬಿಡುತ್ತದೆ. ಇದನ್ನು ಓದುವಾಗ ನನಗೆ ಹದಿನೈದನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯ ಕಲ್ಯಾಣದ ಪ್ರಸಂಗ ನೆನಪಾಗುತ್ತದೆ. ಅಲ್ಲಮಪ್ರಭುಗಳು ಅಕ್ಕಮಹಾದೇವಿಯವರನ್ನು ಒಂದರ ಮೇಲೊಂದು ಕಠಿಣ ಪ್ರಶ್ನೆ ಕೇಳುತ್ತಾರೆ. ಪ್ರತಿಯೊಂದಕ್ಕೂ ಅಕ್ಕನ ಉತ್ತರ ಪೂರ್ಣವಾಗಿ ಬರುತ್ತದೆ. ಕೇಳುವವರಿಗೆ ಉತ್ತರದ ಮೇಲೆ ಗೌರವವಿದ್ದಾಗ ಮಾತ್ರ ಪ್ರಶ್ನೆ ಸಾರ್ಥಕ.

ಇಷ್ಟೆಲ್ಲ ನೋಡಿದ ಮೇಲೂ ನನ್ನ ಅವಧಿಗಳಲ್ಲಿ ಒಬ್ಬ ಹುಡುಗನ ಪ್ರಶ್ನೆ ಉಳಿದೇ ಇತ್ತು. ಅವನು ಪ್ರತಿದಿನ ತಡವಾಗಿ ಬರುತ್ತಿದ್ದ. ಕುಳಿತ ಮೇಲೆ ಬೆಂಚಿನ ಮೇಲೆ ತಮಟೆಯ ಗತ್ತು ಬಾರಿಸುತ್ತಿದ್ದ, ಸುತ್ತಲಿನವರು ನಗುತ್ತಿದ್ದರು. "ನಾಲ್ಕು ಬಿಗಿದರೆ ಸರಿಹೋಗ್ತಾನೆ" ಎನ್ನುವವರು ಊರಿನಲ್ಲಿದ್ದರು. ಆದರೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತಕ್ಕೆ ಬದಲಾಗಿ ಶಿಕ್ಷಕರ ಕೊಠಡಿಯಲ್ಲಿ ಬಂದ ಸಲಹೆ, ಅಪ್ಪನನ್ನು ಕರೆತರುವವರೆಗೆ ಅವನನ್ನು ಒಳಗೆ ಸೇರಿಸಬಾರದೆಂಬುದು. ಮೇಡಂ ಒಪ್ಪಲಿಲ್ಲ. "ಹಾಗಂದರೆ ಕೆಲವು ಮಕ್ಕಳು ಅಪ್ಪನನ್ನೂ ಕರೆತರಲ್ಲ, ತಾವೂ ಬರಲ್ಲ. ಆಮೇಲೆ ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಇರುತ್ತೆ" ಎಂದರು. ಶಿಸ್ತಿನ ಹೆಸರಿನಲ್ಲಿ ತೆಗೆದುಕೊಳ್ಳುವ ಒಂದು ನಿರ್ಧಾರವು ಒಂದು ಮಗುವಿನ ಓದನ್ನೇ ಮುಗಿಸಿಬಿಡಬಲ್ಲುದೆಂಬುದು ಆ ಮಾತಿನಿಂದ ಮನದಟ್ಟಾಯಿತು.

ಮಧ್ಯಾಹ್ನ ಅಕ್ಷರ ದಾಸೋಹದ ಊಟವಾದ ಮೇಲೆ ಅವನೊಬ್ಬನನ್ನೇ ಮಾತನಾಡಿಸಿದೆ. ಎಲ್ಲರೆದುರು ಕೇಳಿದ್ದರೆ ಅವನು ನಗಿಸಿ ತಪ್ಪಿಸಿಕೊಳ್ಳುತ್ತಿದ್ದ. ಮನೆಯಲ್ಲಿ ಎರಡು ಹಸು. ತಂದೆ ಕೂಲಿಗೆ ಹೊರಗೆ ಹೋಗುತ್ತಾರೆ. ಬೆಳಿಗ್ಗೆ ಎದ್ದು ಹುಲ್ಲು ಹಾಕಿ, ಹಾಲು ಕರೆದು, ಡೇರಿಯ ಸರದಿಯಲ್ಲಿ ನಿಂತು ಹಾಲು ಹಾಕಿ ಬರುವವನು ಅವನೇ. "ಡೇರಿಲಿ ಟೆಸ್ಟ್ ಮಾಡೋದು ಲೇಟ್ ಆಗುತ್ತೆ ಮಿಸ್" ಎಂದ. ಹದಿಮೂರು ವರ್ಷದ ಆ ಬಾಲಕ ಶಾಲೆಗೆ ಬರುವ ಮುನ್ನವೇ ಒಂದು ಕಾಯಕ ಮುಗಿಸಿ ಬರುತ್ತಿದ್ದ.

ಮೇಡಂ ಅವರೊಡನೆ ಆಲೋಚಿಸಿ ಮೂರು ಏರ್ಪಾಡು ಮಾಡಿದೆವು. ತಡವಾದ ದಿನ ಅವನು ಅನುಮತಿಗಾಗಿ ಬಾಗಿಲಲ್ಲಿ ನಿಲ್ಲದೆ ಸದ್ದಿಲ್ಲದೆ ಬಂದು ಕುಳಿತುಕೊಳ್ಳಬೇಕು. ಅವನ ಜಾಗ ಎರಡನೆಯ ಸಾಲಿಗೆ. ನಕಾಶೆ ತರುವುದು, ನೋಟ್ ಪುಸ್ತಕ ಹಂಚುವುದು ಅವನ ಹೊಣೆ.

ಮರುವಾರ ಹೊಯ್ಸಳರ ಪಾಠ. ಬೇಲೂರಿನ ಶಿಲ್ಪಗಳಲ್ಲಿ ದಾಸೋಜ, ಚಾವಣ ಮುಂತಾದ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆಂದು ಹೇಳಿ, ಹುಲಿಕೆರೆಯ ಕಲ್ಯಾಣಿಯನ್ನು ಕಂಡವರಾರು ಎಂದು ಕೇಳಿ ಸುಮ್ಮನೆ ನಿಂತೆ. ಆ ಹುಡುಗ ಎದ್ದು ನಿಂತ. ಮೆಟ್ಟಿಲುಗಳು ನಾಲ್ಕೂ ಕಡೆಯಿಂದ ಹೇಗೆ ನೀರಿಗೆ ಇಳಿಯುತ್ತವೆ, ಸುತ್ತಲಿನ ಪುಟ್ಟ ಗುಡಿಗಳು ಹೇಗಿವೆ, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ವಿವರಿಸಿದ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹುಲಿಕೆರೆಯ ಕಲ್ಯಾಣಿ ಆ ಪಟ್ಟಿಯಲ್ಲಿಲ್ಲ. ಆದರೆ ಅಂದು ಆ ತರಗತಿಯಲ್ಲಿ ಅದಕ್ಕೆ ಯಾವ ಕೊರತೆಯೂ ಕಾಣಲಿಲ್ಲ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು.

ಅವನು ಒಂದೇ ದಿನದಲ್ಲಿ ಬದಲಾಗಲಿಲ್ಲ. ತಡವಾಗಿಯೇ ಬರುತ್ತಿದ್ದ, ಆಗಾಗ ಬೆರಳುಗಳು ಬೆಂಚಿನ ಮೇಲೆ ಆಡುತ್ತಿದ್ದವು. ಹತ್ತಿರ ಹೋಗಿ ನಿಂತರೆ ನಿಲ್ಲಿಸುತ್ತಿದ್ದ. ನನ್ನ 16 ವಾರ ಮುಗಿಯುವವರೆಗೆ ಅವನು ಶಾಲೆ ಬಿಡಲಿಲ್ಲ. ತರಗತಿ ನಿರ್ವಹಣೆಯ ಫಲವೆಂದು ನಾನು ಎಣಿಸಿಕೊಂಡಿರುವುದು ಅದನ್ನೇ.

ಸದ್ಭಕ್ತರೇ, ನಿಮ್ಮ ಮನೆಯ ಮಕ್ಕಳು ಬಿ.ಎಡ್. ಅಥವಾ ಡಿ.ಎಲ್.ಎಡ್. ಓದುತ್ತಿದ್ದರೆ ಇಷ್ಟನ್ನು ತಿಳಿಸಿರಿ: ಮೊದಲು ಹೆಸರು ಕಲಿಯಲಿ, ತರಗತಿಗೆ ಮಕ್ಕಳಿಗಿಂತ ಮುಂಚೆ ಹೋಗಲಿ, ಪ್ರಶ್ನೆ ಕೇಳಿ ಕಾಯಲಿ, ತಡವಾಗಿ ಬಂದ ಮಗು ಎಲ್ಲಿಂದ ಬಂದಿತೆಂದು ವಿಚಾರಿಸಲಿ. ತಂದೆತಾಯಿಯರೂ "ಹೊಡೆದು ಬುದ್ಧಿ ಕಲಿಸಿ" ಎಂದು ಶಿಕ್ಷಕರಿಗೆ ಹೇಳುವುದನ್ನು ಬಿಟ್ಟು, ಮನೆಯ ಕಷ್ಟವನ್ನು ಒಂದು ಮಾತಿನಲ್ಲಿ ಅವರಿಗೆ ತಿಳಿಸಿದರೆ ಸಾಕು. ದಯೆಯನ್ನು ಧರ್ಮದ ಮೂಲವೆಂದು ನಂಬಿದ ನಮಗೆ, ಆ ದಯೆ ಮೊದಲು ಸಲ್ಲಬೇಕಾದವರಲ್ಲಿ ಹಿಂದಿನ ಬೆಂಚಿನ ಮಗುವೂ ಒಂದು.