ಹತ್ತುವ ಮೀನು, ಇಳಿಯುವ ಮೀನು

ಮೃಗಶಿರಾ ಮಳೆ ಹಿಡಿದುಕೊಂಡಿತೆಂದರೆ ಮಲೆನಾಡಿನ ಹುಡುಗರಿಗೆ ಪಾಠ ಹೇಳುವುದು ಕಷ್ಟದ ಕೆಲಸವೆಂಬುದು ಮೂವತ್ತಕ್ಕೂ ಹೆಚ್ಚು ವರ್ಷಗಳ ನನ್ನ ಅನುಭವ. ಕಿಟಕಿಯಾಚೆ ಹಳ್ಳ ಕೆಂಪಾಗಿ ಏರುತ್ತಿದ್ದರೆ ಹಿಂದಿನ ಬೆಂಚಿನವರ ಕಿವಿಗೆ ಸಂಧಿ ಸಮಾಸಗಳು ಬೀಳುತ್ತಿರಲಿಲ್ಲ. ಅವರನ್ನು ನಾನು ಗದರಿಸಿದ್ದು ಕಡಿಮೆ. ಆ ಸದ್ದು ನನ್ನ ಕಿವಿಯನ್ನೂ ಸೆಳೆಯುತ್ತಿತ್ತು.

ನಮ್ಮ ಬಾಲ್ಯದಲ್ಲಿ ಬೇಟೆಯ ಆಟಗಳು ಹಲವಿದ್ದವು. ಚಾಟರಬಿಲ್ಲಿಗೆ ಹಳೆಯ ಸೈಕಲ್ ಟ್ಯೂಬು, ಕಾಡುಕೋಳಿಗೆ ಉರುಳು, ಬೇಸಿಗೆಯ ಗುಂಡಿಗಳಲ್ಲಿ ಎರೆಹುಳು ಸಿಕ್ಕಿಸಿದ ಗಾಳ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ಮೊದಲೆರಡು ಕ್ರಮೇಣ ಮರೆಯಾದವು, ಮರೆಯಾದದ್ದು ಒಳ್ಳೆಯದೇ ಆಯಿತು. ಆದರೆ ಹತ್ತುಮೀನಿನ ಬೇಟೆಯ ಮಾತು ಬೇರೆ. ಅದರಲ್ಲಿ ಒಂದು ಲೆಕ್ಕಾಚಾರವಿತ್ತು, ಒಂದು ಧರ್ಮವೂ ಇತ್ತು. ಅದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಹೊಳೆಯ ಮಡುಗಳಲ್ಲಿ ಬೇಸಿಗೆ ಕಳೆದ ಮೀನುಗಳು ಮೊದಲ ಮಳೆಯ ಹೊಸನೀರು ತಾಕಿದೊಡನೆ ಪ್ರವಾಹಕ್ಕೆ ಎದುರಾಗಿ ಈಜತೊಡಗುತ್ತವೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಕಾಲುವೆಗೆ, ಕಾಲುವೆಯಿಂದ ನೀರು ನಿಂತ ಗದ್ದೆಗೆ ಅವು ಏರಿ ಬರುವುದು ಮೊಟ್ಟೆಯಿಡಲು. ಗದ್ದೆಯ ನೀರು ತೆಳು, ಬೆಚ್ಚಗೆ. ಸೆಳವಿಲ್ಲ, ದೊಡ್ಡ ಮೀನುಗಳ ಕಾಟ ಕಡಿಮೆ, ಮರಿಗಳಿಗೆ ಬೇಕಾದ ಸೂಕ್ಷ್ಮ ಜೀವಿಗಳು ಹೇರಳ. ಮುಗುಡಿನಂಥ ಮೀನಿಗೆ ಗಾಳಿಯನ್ನೇ ಉಸಿರಾಡುವ ಅಂಗವೂ ಉಂಟು. ಒದ್ದೆ ಹುಲ್ಲಿನ ಬದುವನ್ನು ತೆವಳಿ ದಾಟುವುದು ಅದಕ್ಕೆ ಕಷ್ಟವಲ್ಲ. ಕುಚ್ಚು ಮೀನಿನ ತಾಯಿತಂದೆ ಕೆಂಬಣ್ಣದ ಮರಿಗಳ ಹಿಂಡನ್ನು ದಿನಗಟ್ಟಲೆ ಕಾಯುವುದನ್ನು ಬದುವಿನ ಮೇಲೆ ಕುಳಿತು ನೋಡಿದ್ದೇನೆ. ಒಂದು ನಮೂನೆಯಲ್ಲಿ ನಮ್ಮ ಭತ್ತದ ಗದ್ದೆಗಳು ಹೊಳೆಯ ಬಾಣಂತಿಕೋಣೆಗಳು.

ಈ ದಾರಿಯಲ್ಲಿ ಮನುಷ್ಯ ಇಡುತ್ತಿದ್ದುದು ಕೂಣಿ. ಬಿದಿರನ್ನು ತೆಳ್ಳಗೆ ಸೀಳಿ, ಬಳ್ಳಿಯಿಂದ ಹೆಣೆದು, ಒಂದು ತುದಿ ಅಗಲವಾಗಿಯೂ ಇನ್ನೊಂದು ಕಿರಿದಾಗಿಯೂ ಇರುವಂತೆ ಕಟ್ಟಿದ ಉದ್ದನೆಯ ಬುಟ್ಟಿ ಅದು. ಬಾಯೊಳಗೆ ಮೊನಚಾದ ಸೀಳುಗಳ ಇನ್ನೊಂದು ಬಳೆ ಒಳಮುಖವಾಗಿ ಬಾಗಿರುತ್ತದೆ. ನುಗ್ಗುವ ಮೀನಿಗೆ ಅದು ದಾರಿ ಕೊಡುತ್ತದೆ, ಹಿಂತಿರುಗುವ ಮೀನಿಗೆ ಚುಚ್ಚುತ್ತದೆ. ಬೆಳಗ್ಗೆ ಕಿರಿದಾದ ತುದಿಯ ಕಟ್ಟು ಬಿಚ್ಚಿ ಮೀನನ್ನು ಸುರಿದುಕೊಳ್ಳುವುದು. ಮುಗುಡಿದ್ದರೆ ಎಚ್ಚರ, ಅದರ ಪಕ್ಕದ ಮುಳ್ಳು ತಾಗಿದರೆ ಇಡೀ ದಿನ ಕೈ ಕಡಿಯುತ್ತದೆ. ಸೀಳುಗಳ ನಡುವಿನ ಸಂದಿಯಲ್ಲಿ ಬೆರಳು ತೂರುವಷ್ಟು ಜಾಗವಿರಬೇಕೆಂಬುದು ನಮ್ಮ ಕಡೆಯ ಹೆಣಿಗೆಯವರ ಲೆಕ್ಕ. ಮರಿಗಳು ತಪ್ಪಿಸಿಕೊಳ್ಳಬೇಕಲ್ಲ!

ಕೂಣಿಯ ಬಾಯಿ ಯಾವ ಕಡೆಗಿರಬೇಕೆಂಬುದು ಕಾಲವನ್ನವಲಂಬಿಸಿತ್ತು. ಮುಂಗಾರಿನಲ್ಲಿ ಮೀನು ಹತ್ತುತ್ತದೆ, ಆದ್ದರಿಂದ ಬಾಯಿ ಹೊಳೆಯ ಕಡೆಗೆ. ಮಳೆಗಾಲ ಕಳೆದು, ತೆನೆ ಹಣ್ಣಾಗಿ, ಗದ್ದೆಯ ನೀರು ಬಿಡುವಾಗ ತಾಯಿಮೀನುಗಳೂ ಆ ವರ್ಷದ ಮರಿಗಳೂ ಹೊಳೆಗೆ ಇಳಿಯುತ್ತವೆ. ಆಗ ಬಾಯಿ ಗದ್ದೆಯ ಕಡೆಗೆ. ಬುಟ್ಟಿ ಅದೇ, ಜಾಗ ಅದೇ. ದಿಕ್ಕು ಮಾತ್ರ ಬದಲು. ಆದರೆ ಈ ಎರಡು ದಿಕ್ಕುಗಳ ನಡುವಿನ ಅಂತರ ಮೂಲಧನಕ್ಕೂ ಬಡ್ಡಿಗೂ ಇರುವ ಅಂತರ.

ಇದನ್ನು ನನಗೆ ಕಲಿಸಿದವರು ಶಾಲೆಯ ಮೆಟ್ಟಿಲು ಹತ್ತದ ನನ್ನ ದೊಡ್ಡಪ್ಪ. ಮುಂಗಾರಿನಲ್ಲಿ ಅವರು ಕೂಣಿಯಿಡುತ್ತಿದ್ದುದು ಕಾಲುವೆಯ ಅರ್ಧಕ್ಕೆ ಮಾತ್ರ. ಉಳಿದರ್ಧದಲ್ಲಿ ಒಂದು ಕಲ್ಲನ್ನೂ ಅಡ್ಡ ಇಡಗೊಡುತ್ತಿರಲಿಲ್ಲ. ಒಂದು ವರ್ಷ ಕೆಳಗಿನ ಗದ್ದೆಯವರು ಹಳ್ಳಕ್ಕೆ ಅಡ್ಡಲಾಗಿ ಕಲ್ಲು, ಮುಳ್ಳು, ಸೊಪ್ಪು ತುಂಬಿ ಸಾಲಾಗಿ ಕೂಣಿಗಳನ್ನಿಟ್ಟರು. ಒಂದೇ ರಾತ್ರಿಗೆ ಎರಡು ಹೆಡಗೆ ಮೀನು ಸಿಕ್ಕಿತೆಂದು ಊರೆಲ್ಲ ಸುದ್ದಿಯಾಯಿತು. ದೊಡ್ಡಪ್ಪ ಕಂಬಳಿಕೊಪ್ಪೆ ಹಾಕಿಕೊಂಡು ಹೊರಟಾಗ ನಾನೂ ಹಿಂದೆ ಹೋದೆ.

"ಅಣ್ಣಯ್ಯ, ನಮ್ಮ ಗದ್ದೆ ಅಂಚಲ್ಲಿ ನಾವು ಇಟ್ಕಂಡ್ರೆ ನಿಮಗೇನು?" ಎಂದ ಆತ.

"ನಿನ್ನ ಗದ್ದೆ ಸರಿ ಕಣೋ, ಹಳ್ಳ ನಿಂದೇನೋ? ಹೊಟ್ಟೆ ತುಂಬ ಮೊಟ್ಟೆ ಹೊತ್ಕಂಡು ಬರ್ತಾವೆ. ತವರಿಗೆ ಬರೋ ಬಸುರೀನ ಬಾಗಿಲಲ್ಲೇ ಹಿಡಿದ್ರೆ ಆ ಮನೆ ಉಳೀತದೇನೋ?"

ಮಾತಿಗೆ ಮಾತು ಬೆಳೆಯಿತು. ಕಟ್ಟನ್ನು ಆತ ಬಿಚ್ಚಲಿಲ್ಲ. ಎರಡು ಮನೆಗಳ ನಡುವೆ ಆ ಮಳೆಗಾಲವೆಲ್ಲ ಮಾತಿರಲಿಲ್ಲ, ನಾಟಿಗೆ ಮುಯ್ಯಾಳುಗಳೂ ಬರಲಿಲ್ಲ. ಗದ್ದೆಯ ನೀರು ಬಿಡುವ ಕಾಲಕ್ಕೆ ನಮ್ಮ ಕೂಣಿಗೂ ಅವರ ಕೂಣಿಗೂ ಬಿದ್ದದ್ದು ಒಂದಿಷ್ಟು ಏಡಿ, ಬೆರಳೆಣಿಕೆಯ ಮೀನು. ಒಂದು ವರ್ಷದ ಅನುಭವದಿಂದ ಸಿದ್ಧಾಂತ ಹೊರಡಿಸಲಾಗದೆಂದು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದೇನೆ. ಮಳೆಯ ಏರುಪೇರೂ ಕಾರಣವಿದ್ದೀತು. ಆದರೆ ಮರುವರ್ಷ ಕೆಳಗಿನ ಗದ್ದೆಯವರು ಅರ್ಧ ಹಳ್ಳ ತೆರೆದು ಬಿಟ್ಟರು. ಯಾರೂ ಏನೂ ಹೇಳಲಿಲ್ಲ. ಹಬ್ಬಕ್ಕೆ ಅವರ ಮನೆಯಿಂದ ಕಡುಬು ಬಂತು.

ದೊಡ್ಡಪ್ಪನ ಮಾತು ಎಷ್ಟು ಹಳೆಯದೆಂಬುದು ನನಗೆ ತಿಳಿದದ್ದು ಇತಿಹಾಸ ಓದುವಾಗ. ಅಶೋಕನ ಐದನೆಯ ಸ್ತಂಭಶಾಸನ ಗರ್ಭ ಧರಿಸಿದ, ಹಾಲೂಡುವ ಆಡು, ಕುರಿ, ಹಂದಿಗಳನ್ನು ಕೊಲ್ಲಬಾರದೆನ್ನುತ್ತದೆ. ಕೆಲವು ಗೊತ್ತಾದ ದಿನಗಳಲ್ಲಿ ಮೀನು ಕೊಲ್ಲುವುದನ್ನೂ ಮಾರುವುದನ್ನೂ ನಿಷೇಧಿಸುತ್ತದೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಪ್ರಕರಣವಿದೆ. ಮೀನಿನ ಬೇಟೆ ಅರಸನ ವಿನೋದವೂ ಆಗಿತ್ತು, ಧರ್ಮದ ಕಟ್ಟಳೆಗೂ ಒಳಪಟ್ಟಿತ್ತು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳೆಂದು ಮುಟ್ಟದೆ ಬಿಟ್ಟ ಮಡುಗಳು ಇದೇ ವಿವೇಕದ ಇನ್ನೊಂದು ರೂಪ.

ವಿವೇಕ ತಪ್ಪಿದಾಗ ಏನಾಗುತ್ತದೆಂಬುದಕ್ಕೂ ಶಿಶಿಲವೇ ಸಾಕ್ಷಿ. 1996ರಲ್ಲಿ ಅಲ್ಲಿ ನೀರಿಗೆ ವಿಷ ಬೆರೆಸಿದ್ದರಿಂದ ಸಾವಿರಾರು ಮೀನುಗಳು ಸತ್ತವು; ಅವುಗಳ ನೆನಪಿಗೆ ಸ್ಮಾರಕವನ್ನೇ ಕಟ್ಟಿದ್ದಾರೆ. ಹಿಂದೆಯೂ ಬೇಸಿಗೆಯ ಗುಂಡಿಗಳಿಗೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದುದುಂಟು. ಆಮೇಲೆ ಬಂದವು ತೋಟೆ ಮತ್ತು ಬ್ಲೀಚಿಂಗ್ ಪೌಡರ್. ಸಿಡಿಮದ್ದು, ವಿಷ ಬಳಸಿ ಮೀನು ಹಿಡಿಯುವುದು ಅಪರಾಧವೆಂದು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಹೇಳಿತ್ತು. ಹತ್ತುಮೀನು ಹಿಡಿಯುವುದನ್ನು ನೆರೆಯ ಕೇರಳ ಕಾನೂನಿನಿಂದ ನಿಷೇಧಿಸಿದೆ. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ರಜೆ ಇರುವುದೂ ಮೀನಿನ ಸಂತಾನಕ್ಕಾಗಿಯೇ.

ಆದರೆ ಮಲೆನಾಡಿನಲ್ಲಿ ಈಗ ಹತ್ತುವ ಮೀನನ್ನು ತಡೆಯುತ್ತಿರುವುದು ಕೂಣಿಯೊಂದೇ ಅಲ್ಲ. ಭತ್ತದ ಗದ್ದೆಗಳು ಅಡಿಕೆ ತೋಟಗಳಾದವು. ಬಸಿಗಾಲುವೆ ತೋಡಿದ ತೋಟದಲ್ಲಿ ನೀರು ನಿಲ್ಲುವುದಿಲ್ಲ, ಮೊಟ್ಟೆಗೆ ನೆಲೆಯಿಲ್ಲ. ರಸ್ತೆಯ ಮೋರಿಯ ಕೊಳವೆ ಕಾಲುವೆಯ ಮಟ್ಟಕ್ಕಿಂತ ಎರಡಡಿ ಮೇಲಿದ್ದರೆ ಮೀನಿನ ಪಾಲಿಗೆ ಅದೇ ಅಣೆಕಟ್ಟು. ಉಳಿದ ಗದ್ದೆಗಳಿಗೆ ಕಳೆನಾಶಕ. ಹಳ್ಳಕ್ಕೆ ಅಡ್ಡ ಕಟ್ಟಿದ ನೈಲಾನ್ ಬಲೆಯ ಕಣ್ಣಿಗೆ ತಾಯಿಮರಿಗಳ ಭೇದವಿಲ್ಲ. ದೊಡ್ಡಪ್ಪ ಬಿಡುತ್ತಿದ್ದ ಆ ಅರ್ಧ ದಾರಿಯನ್ನು ನಾವು ಹೀಗೆ ಬೇರೆ ಬೇರೆ ಹೆಸರಿನಲ್ಲಿ ಮುಚ್ಚಿದ್ದೇವೆ.

ಕಳೆದ ಮುಂಗಾರಿನಲ್ಲಿ ಬೆಂಗಳೂರಿನಲ್ಲಿರುವ ಹಳೆಯ ಶಿಷ್ಯನೊಬ್ಬ ಫೋನ್ ಮಾಡಿ, "ಮೇಷ್ಟ್ರೇ, ಮಕ್ಕಳಿಗೆ ಹತ್ತುಮೀನು ಹಿಡಿಯೋದನ್ನ ತೋರಿಸಬೇಕು. ಈಗ ಕೂಣಿ ಯಾರು ಹೆಣೆದು ಕೊಡ್ತಾರೆ?" ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ನಿಮಗೆಲ್ಲ ಹೇಳುತ್ತೇನೆ. ಮಕ್ಕಳನ್ನು ಖಂಡಿತ ಕರೆತನ್ನಿ. ಮೊದಲ ಮಳೆಯ ರಾತ್ರಿ ಬ್ಯಾಟರಿ ಹಿಡಿದು ಗದ್ದೆಯಂಚಿಗೆ ಹೋಗಿ. ಅಂಗೈಯಗಲದ ನೀರಿನಲ್ಲಿ ಮೀನು ಬೆನ್ನು ತೋರಿಸಿ ಏರುವುದನ್ನು ಅವರು ಕಣ್ತುಂಬ ನೋಡಲಿ. ಕೂಣಿಯನ್ನು ಹೆಣೆಸಿಡಿ, ಆದರೆ ಅಟ್ಟದ ಮೇಲಿರಲಿ. ಕೊಯ್ಲಿನ ಮೊದಲು ನೀರು ಬಿಡುವಾಗ ಬಾಯಿಯನ್ನು ಗದ್ದೆಯ ಕಡೆಗೆ ಮಾಡಿ ಇಡಿ, ಅದೂ ಅರ್ಧ ಕಾಲುವೆಗೆ. ಸಿಕ್ಕಿದ್ದನ್ನು ಸಾರು ಮಾಡಿ ಉಣ್ಣಿ. ಸಾರು ಹೆಚ್ಚಾದರೆ ನಿಮ್ಮ ಮೇಷ್ಟ್ರನ್ನೂ ನೆನೆಯಿರಿ.