ಒಂದು ಪ್ರಶ್ನೆ, ಎರಡು ಪುಸ್ತಕ

ಪಿಯುಸಿ ಮುಗಿಸಿ ಬಿ.ಎ.ಗೆ ಸೇರುವ ಹುಡುಗಿಯರು ರಜೆಯಲ್ಲಿ 'ಮೇಡಂ, ನೋಟ್ಸ್ ಇದೆಯಾ?' ಎಂದು ನಮ್ಮ ಮನೆಗೆ ಬರುತ್ತಾರೆ. ನಾನು ನೋಟ್ಸ್ ಕೊಡುವುದಿಲ್ಲ, ಕಾಫಿ ಕೊಡುತ್ತೇನೆ. ಜೊತೆಗೆ ಒಂದು ಪ್ರಶ್ನೆ.

ಮೈಸೂರು ಸಂಸ್ಥಾನದ ಆಡಳಿತ ಇಂಗ್ಲಿಷರ ಕೈಗೆ ಹೋದದ್ದು ಯಾವಾಗ ಎಂದು ನಾವು ಹೈಸ್ಕೂಲಿನವರು ಕೇಳುತ್ತೇವೆ. 1831 ಎಂದು ಬರೆದರೆ ಒಂದು ಅಂಕ. ಕಾಲೇಜಿನಲ್ಲಿ ಕೇಳುವುದು, ಯಾಕೆ ಎಂದು. ನಗರ ಸೀಮೆಯ ರೈತರ ದಂಗೆಯೇ ಕಾರಣವೋ, ಬರೀ ನೆಪವೋ? ಒಂದು ಪುಸ್ತಕ ಹಾಗೆನ್ನುತ್ತದೆ, ಇನ್ನೊಂದು ಹೀಗೆ. ಗೈಡನ್ನೇ ನಂಬಿದವಳು ಇಲ್ಲಿ ತಬ್ಬಿಬ್ಬಾಗುತ್ತಾಳೆ.

ಅದಕ್ಕೇ ಜಗಲಿಯ ಮೇಲೆ ಎರಡು ಪುಸ್ತಕ ಇಡುತ್ತೇನೆ. ಎರಡನ್ನೂ ಓದಿ, ಮುಚ್ಚಿಟ್ಟು, ತಮ್ಮ ಮಾತಿನಲ್ಲಿ ಅರ್ಧ ಪುಟ ಬರೆಯಬೇಕು. ಮೊದಲ ವಾರ ಅಳುಮೋರೆ. ಮೂರನೇ ವಾರ ನನ್ನೊಡನೆಯೇ ವಾದ.

ಇಷ್ಟೆಲ್ಲ ಯಾಕೆ ಎನ್ನುತ್ತೀರಾ? ಮೊದಲ ಸೆಮಿಸ್ಟರಿನಲ್ಲಿ ಹುಡುಗ ಫೇಲಾದರೆ 'ಮತ್ತೆ ಕಟ್ಟೋ' ಎನ್ನುತ್ತಾರೆ. ಹುಡುಗಿ ಫೇಲಾದರೆ ಜಾತಕ ಹೊರಗೆ ಬರುತ್ತದೆ. ನಿಮ್ಮ ಮನೆಯ ಹುಡುಗಿ ಈ ವರ್ಷ ಕಾಲೇಜಿಗೆ ಹೊರಟಿದ್ದರೆ, ಹೊಸ ಚೂಡಿದಾರದ ಜೊತೆಗೆ ಊರಿನ ಲೈಬ್ರರಿಯ ಕಾರ್ಡನ್ನೂ ಮಾಡಿಸಿಕೊಡಿ.