ಸ್ವೀಕೃತಿ ಮುದ್ರೆ

12 ಜೂನ್ 2023, ಸೋಮವಾರ

ಮಧ್ಯಾಹ್ನ ಊಟದ ಹೊತ್ತಿಗೆ ಜವಾನ ಲಕೋಟೆ ತಂದುಕೊಟ್ಟ. ಅಮಾನತು ಆದೇಶ. ಕಡತವೊಂದು ಕಾಣೆಯಾಗಿದೆಯಂತೆ, ಅದಕ್ಕೆ ನಾನು ಹೊಣೆಯಂತೆ. ಹತ್ತೊಂಬತ್ತು ವರ್ಷದ ನೌಕರಿ. ಒಂದು ಮಾತೂ ಕೇಳಲಿಲ್ಲ. ಆ ಕಡತ ಮೇಲಿನವರ ಮೇಜಿಗೆ ಹೋದದ್ದು ಚಲನವಲನ ವಹಿಯಲ್ಲಿ ನನ್ನದೇ ಅಕ್ಷರದಲ್ಲಿದೆ. ವಹಿ ಬೀರುವಿನಲ್ಲಿದೆ, ಬೀಗದ ಕೈ ನನ್ನ ಹತ್ತಿರ ಇಲ್ಲ. ಮಗಳಿಗೆ ಇನ್ನೂ ಹೇಳಿಲ್ಲ.

15 ಜೂನ್, ಗುರುವಾರ

ಮೂರು ದಿನ ಬಾಗಿಲು ಹಾಕಿಕೊಂಡು ಕೂತೆ, ತಪ್ಪು ನಾನೇ ಮಾಡಿದಂತೆ. ಇವತ್ತು ನೌಕರರ ಸಂಘದ ತಾಲ್ಲೂಕು ಶಾಖೆಗೆ ಹೋದೆ. ಅಲ್ಲಿದ್ದ ಹಿರಿಯರು, “ಅಳೂದಿದ್ರ ಅಳವ್ವ. ಆದ್ರ ಬಾಯಿಮಾತಿನ್ಯಾಗ ಯಾರಿಗೂ ಏನೂ ಕೇಳಬ್ಯಾಡ. ಅರ್ಜಿ ಬರಿ, ನಿನ್ನ ಪ್ರತಿ ಮ್ಯಾಲ ಸ್ವೀಕೃತಿ ಮುದ್ರಿ ಹಾಕಿಸ್ಕೊ” ಅಂದರು.

ಆಮೇಲೆ ರಾಜ್ಯ ನೌಕರರ ಶಿಸ್ತು, ಮೇಲ್ಮನವಿಗೆ ಸಂಬಂಧಿಸಿದ 1957ರ ಸಿಸಿಎ ನಿಯಮಗಳ ಪುಸ್ತಕ ಬಿಡಿಸಿದರು. ಅಮಾನತು ಶಿಕ್ಷೆಯಲ್ಲ. ಅದರ ಮೇಲೆ ಮೇಲ್ಮನವಿ ಹಾಕಬಹುದು. ಇಲಾಖಾ ವಿಚಾರಣೆ ನಡೆದರೆ ನೆರವಿಗೆ ಇನ್ನೊಬ್ಬ ಸರ್ಕಾರಿ ನೌಕರರನ್ನು ಕರೆದೊಯ್ಯಬಹುದು. ಆರೋಪ ಏನೆಂದು ತಿಳಿಸಿ, ಉತ್ತರಿಸಲು ಅವಕಾಶ ಕೊಟ್ಟಲ್ಲದೆ, ಕೆಲವು ಅಪವಾದ ಬಿಟ್ಟರೆ, ವಜಾ ಮಾಡುವಂತಿಲ್ಲ. ಸಂವಿಧಾನದ 311ನೇ ವಿಧಿ ಹೇಳುವುದು ಅದನ್ನೇ. ಇಷ್ಟು ವರ್ಷ ಬೇರೆಯವರ ಸೇವಾ ಪುಸ್ತಕ ಬರೆದ ನಾನು ನನ್ನ ಹಕ್ಕಿನ ಪುಟ ಒಮ್ಮೆಯೂ ಓದಿರಲಿಲ್ಲ.

ಸಂಜೆಯೊಳಗೆ ಎರಡು ಅರ್ಜಿ ಬರೆದೆ. ಒಂದು ಮೇಲ್ಮನವಿ. ಇನ್ನೊಂದು ವಹಿಯ ಆ ಪುಟದ ನಕಲಿಗಾಗಿ, ಮಾಹಿತಿ ಹಕ್ಕಿನಡಿ, ಹತ್ತು ರೂಪಾಯಿ ಶುಲ್ಕದೊಂದಿಗೆ. ರಾತ್ರಿ ಮಗಳಿಗೂ ಹೇಳಿದೆ.

24 ಜುಲೈ, ಸೋಮವಾರ

ವಹಿಯ ನಕಲು ಬಂತು. ಅಮಾನತಿನ ಅವಧಿಗೆ ಸಂಬಳದ ಬದಲು ಸಿಗಬೇಕಾದ ಜೀವನಾಧಾರ ಭತ್ಯೆ ಬರಲಿಲ್ಲ. ಕಿರಾಣಿ ಅಂಗಡಿಯ ಸಾಲ ಏರುತ್ತಿದೆ.

ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ನಾನು ಸಂಬಳದ ನೌಕರಿಯವಳು, ಉಚಿತ ನೆರವು ಹೇಗೆ ಕೊಟ್ಟಾರು ಎಂಬ ಅಳುಕಿತ್ತು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿ ಇಲ್ಲವಂತೆ. ವಕೀಲೆಯೊಬ್ಬರನ್ನು ಗೊತ್ತುಮಾಡಿದರು.

ಆ ವಕೀಲೆ ಕೆಜಿಎಫ್‌ನ ಪ್ರಕರಣ ಹೇಳಿದರು. ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿ ಕ್ಯಾಪ್ಟನ್ ಎಂ. ಪಾಲ್ ಆಂಟನಿ ಅಮಾನತಿನಲ್ಲಿದ್ದಾಗ ಜೀವನಾಧಾರ ಭತ್ಯೆ ಸಿಗಲಿಲ್ಲ. ಕೇರಳದ ಊರಿನಿಂದ ವಿಚಾರಣೆಗೆ ಬರಲು ಕೈಯಲ್ಲಿ ದುಡ್ಡಿರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ ಕೆಲಸದಿಂದ ತೆಗೆದರು. 1999ರಲ್ಲಿ ಸುಪ್ರೀಂ ಕೋರ್ಟ್ ಆ ವಿಚಾರಣೆಯನ್ನೇ ತಳ್ಳಿಹಾಕಿತು: ಅಮಾನತಾದವನಿಗೂ ಬದುಕುವ ಹಕ್ಕಿದೆ. ಕೇಳುತ್ತ ಕಣ್ಣು ತುಂಬಿತು. ಭತ್ಯೆ ಕೋರಿ ಅಲ್ಲೇ ಕೂತು ಅರ್ಜಿ ಬರೆದೆ.

20 ಸೆಪ್ಟೆಂಬರ್, ಬುಧವಾರ

ಭತ್ಯೆ ಕೈಸೇರಿದೆ. ಆದರೆ ಮೂರು ತಿಂಗಳು ದಾಟಿದರೂ ದೋಷಾರೋಪಣಾ ಪಟ್ಟಿ ಬಂದಿಲ್ಲ. ಮೂರು ತಿಂಗಳೊಳಗೆ ಪಟ್ಟಿ ಕೊಡದಿದ್ದರೆ ಅಮಾನತು ಮುಂದುವರಿಸಬಾರದು ಎಂದು ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಅದನ್ನು ಉಲ್ಲೇಖಿಸಿ, ಅಮಾನತು ತೆರವುಗೊಳಿಸಿ ಎಂದು ಇವತ್ತು ಮನವಿ ಕೊಟ್ಟೆ. ಕೇಳದಿದ್ದರೆ ರಾಜ್ಯ ಆಡಳಿತ ನ್ಯಾಯಮಂಡಳಿ, ಕೆಎಟಿ. ಅದಕ್ಕೆ ಬೆಂಗಳೂರಿನವರೆಗೆ ಹೋಗಬೇಕಿಲ್ಲ, ಕಲಬುರಗಿಯಲ್ಲೇ ಪೀಠವಿದೆ. ಆದರೆ ಇಲಾಖೆಯೊಳಗೆ ಮೊದಲು ಕೇಳಿಕೊಂಡಿದ್ದೀರಾ ಎಂದು ನ್ಯಾಯಮಂಡಳಿ ನೋಡುತ್ತದೆ, ಒಂದು ವರ್ಷದ ಕಾಲಮಿತಿಯೂ ಉಂಟು. ಹಿರಿಯರು ಮುದ್ರೆ ಮುದ್ರೆ ಅಂದದ್ದು ಯಾಕೆಂದು ಈಗ ಅರ್ಥವಾಯಿತು.

ಓಣಿಯ ಗಣಪತಿ ಪೆಂಡಾಲಿನ ಹಾಡು ಇನ್ನೂ ಕೇಳುತ್ತಿದೆ. ಮಗಳು ನೆಲದ ಮೇಲೆ ಕಾಗದ ಹರಡಿ, ದಿನಾಂಕದ ಪ್ರಕಾರ ಜೋಡಿಸಿ ದಾರ ಕಟ್ಟಿದಳು. ಆದೇಶದ ತಾರೀಖು 12, ಮೊದಲ ಮುದ್ರೆ 16. “ನಡುವಿನ ದಿನ ಏನ್ ಮಾಡ್ತಿದ್ದಿ ಅವ್ವ?” ಅಂದಳು.

ನಾಚಿಕೊಂಡು ಕೂತಿದ್ದೆ ಅಂದೆ.